900 ಜನ, 4 ಹಡಗು: ಶ್ರೀರಂಗಪಟ್ಟಣದಿಂದ ಇಸ್ತಾಂಬುಲ್‌ಗೆ

ಇವತ್ತಿನ ಕಂತಲ್ಲಿ ಯುದ್ಧ ಕಡಿಮೆ. ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅನ್ನೋ ಜಗಳವೂ ಇಲ್ಲ. ಅದು ಪ್ರತಿ ನವೆಂಬರಿನಲ್ಲಿ ಟಿವಿಯಲ್ಲಿ ತಪ್ಪದೆ ನಡೆಯುತ್ತೆ. ಇವತ್ತು ಒಂದು ಪ್ರಯಾಣದ ಕಥೆ. 1785ರ ನವೆಂಬರಿನಲ್ಲಿ ಶ್ರೀರಂಗಪಟ್ಟಣ ಬಿಟ್ಟು, ಏಷ್ಯಾ, ಯುರೋಪ್, ಆಫ್ರಿಕಾ ಮೂರೂ ಖಂಡಗಳ ನೆಲ ಮೆಟ್ಟಿ, 4 ವರ್ಷ ಆದಮೇಲೆ ವಾಪಸ್ ಬಂದ ಒಂದು ತಂಡದ ಕಥೆ. ಹೊರಟವರು ಸುಮಾರು 900 ಜನ. ಊರು ಸೇರಿದವರು ಬೆರಳೆಣಿಕೆಯಷ್ಟು.

ಮೊದಲು ಯಾಕೆ ಹೋದರು ಅಂತ ನೋಡೋಣ. 1784ರ ಮಾರ್ಚಿನಲ್ಲಿ ಮಂಗಳೂರು ಒಪ್ಪಂದ ಆಗಿ ಎರಡನೇ ಮೈಸೂರು ಯುದ್ಧ ಮುಗಿದಿತ್ತು. ಆದರೆ ಇಂಗ್ಲಿಷರು ಮತ್ತೆ ಬಂದೇ ಬರ್ತಾರೆ ಅಂತ ಟಿಪ್ಪುವಿಗೆ ಗೊತ್ತಿತ್ತು. ಮರಾಠರು, ನಿಜಾಮರು ಯಾವಾಗ ಯಾರ ಕಡೆ ಅಂತ ಹೇಳೋ ಹಾಗಿರಲಿಲ್ಲ. ಹಾಗಾಗಿ ದೂರದ ಸ್ನೇಹಿತರು ಬೇಕಿತ್ತು. ಅದಕ್ಕೆ ಆಟೊಮನ್ ಸುಲ್ತಾನ ಒಂದನೇ ಅಬ್ದುಲ್ ಹಮೀದ್ ಹತ್ತಿರ ರಾಯಭಾರಿಗಳನ್ನು ಕಳಿಸೋಣ ಅಂತ ತೀರ್ಮಾನ ಆಯ್ತು. ಮೂಲ ಯೋಜನೆ ಇನ್ನೂ ದೊಡ್ಡದು: ಇಸ್ತಾಂಬುಲ್‌ನಿಂದ ಮುಂದೆ ಪ್ಯಾರಿಸ್‌, ಅಲ್ಲಿಂದ ಲಂಡನ್‌!

ತಂಡಕ್ಕೆ ಗುಲಾಂ ಅಲಿ ಖಾನ್ ಮುಖ್ಯಸ್ಥ. ಜೊತೆಗೆ ನೂರುಲ್ಲಾ ಖಾನ್, ಲುತ್ಫ್ ಅಲಿ ಖಾನ್, ಜಾಫರ್ ಖಾನ್. ಇವರು ನಾಲ್ಕು ಜನ ದೊಡ್ಡವರು. ಉಳಿದವರು ಸಿಪಾಯಿಗಳು, ಗುಮಾಸ್ತರು, ದುಭಾಷಿಗಳು, ಅಡುಗೆಯವರು, ಕಸ ಗುಡಿಸುವವರು. ಖ್ವಾಜಾ ಅಬ್ದುಲ್ ಖಾದಿರ್ ಅನ್ನೋ ಕಾರ್ಯದರ್ಶಿ ಪರ್ಷಿಯನ್ ಭಾಷೆಯಲ್ಲಿ ದಿನಚರಿ ಬರೀತಾ ಹೋದ. ಇತಿಹಾಸಕಾರ ಮೊಹಿಬ್ಬುಲ್ ಹಸನ್ ಅದನ್ನು 1968ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಈ ಕಥೆ ನಮಗೆ ಇಷ್ಟು ಹತ್ತಿರದಿಂದ ಗೊತ್ತಾಗಿದ್ದು ಆ ದಿನಚರಿಯಿಂದ.

ಶ್ರೀರಂಗಪಟ್ಟಣಕ್ಕೆ ಕಾವೇರಿ ಉಂಟು, ಸಮುದ್ರ ಇಲ್ಲ. ಹಾಗಾಗಿ ಇವರು ಘಟ್ಟ ಇಳಿದು ಗೋಕರ್ಣದ ಹತ್ತಿರದ ತದಡಿ ಬಂದರಿಗೆ ಹೋದರು. ಅಘನಾಶಿನಿ ನದಿ ಸಮುದ್ರ ಸೇರುವ ಜಾಗ ಅದು. 1786ರ ಮಾರ್ಚ್ 9ರಂದು ಅಲ್ಲಿಂದ ನಾಲ್ಕು ಹಡಗು ಹೊರಟವು. ಜೊತೆಗೆ ನಾಲ್ಕು ಆನೆಗಳು. ಆಟೊಮನ್ ಸುಲ್ತಾನನಿಗೆ ಒಂದು, ಫ್ರಾನ್ಸ್ ರಾಜನಿಗೆ ಒಂದು, ಇಂಗ್ಲೆಂಡ್ ರಾಜನಿಗೆ ಒಂದು. ನಾಲ್ಕನೆಯದು ಯಾರಿಗೆ ಅಂತೀರಾ? ಮಾರಿ ದಾರಿಖರ್ಚು ನೋಡಿಕೊಳ್ಳೋಕೆ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಈ ನಾಲ್ಕನೇ ಆನೆಯ ಮೇಲೇ ನನಗೆ ಕಣ್ಣು. ಇದು ಬರೀ ರಾಯಭಾರ ಆಗಿರಲಿಲ್ಲ, ವ್ಯಾಪಾರವೂ ಆಗಿತ್ತು. ಹಡಗಿನಲ್ಲಿ ಮೆಣಸು, ಏಲಕ್ಕಿ, ಶ್ರೀಗಂಧ ತುಂಬಿದ್ದರು. ದಾರಿಯ ಬಂದರುಗಳಲ್ಲಿ ಅದನ್ನು ಮಾರಿ ಖರ್ಚು ತೂಗಿಸಬೇಕು ಅನ್ನೋ ಲೆಕ್ಕಾಚಾರ. ಮೊದಲ ನಿಲ್ದಾಣ ಮಸ್ಕತ್. ಅಲ್ಲಿ ಮೈಸೂರಿನದೇ ವ್ಯಾಪಾರದ ಕೋಠಿ ಇತ್ತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಮಸ್ಕತ್‌ನ ತನ್ನ ಅಧಿಕಾರಿಗೆ ಟಿಪ್ಪು ಕಾಗದ ಬರೆದು, ರೇಷ್ಮೆ ಹುಳು ಕಳಿಸಿ, ಅದನ್ನು ಸಾಕೋದು ಗೊತ್ತಿರೋ ಜನರನ್ನೂ ಕಳಿಸಿ ಅಂತ ಕೇಳಿದ್ದ. ಮಂಡ್ಯ ಜಿಲ್ಲೆಯಲ್ಲಿ ಇವತ್ತು ಹಿಪ್ಪುನೇರಳೆ ತೋಟ ಮಾಡಿರೋ ಕೇಳುಗರು ಇದನ್ನ ನೆನಪಿಟ್ಟುಕೊಳ್ಳಿ.

ಮಸ್ಕತ್ ಆದಮೇಲೆ ಪರ್ಷಿಯಾದ ಬುಶೇರ್. ಆಮೇಲೆ ಈಗಿನ ಇರಾಕ್‌ನ ಬಸ್ರಾ. ಬಸ್ರಾ ಬಗ್ಗೆ ರಾಯಭಾರಿಗಳಿಗೆ ಒಂದು ವಿಚಿತ್ರ ಸೂಚನೆ ಇತ್ತು. ನೀವು ನಮಗೆ ಬಸ್ರಾ ಬಂದರು ಕೊಡಿ, ನಾವು ನಿಮಗೆ ಮಂಗಳೂರು ಬಂದರು ಕೊಡ್ತೀವಿ ಅಂತ ಕೇಳಬೇಕು! ಯೋಚನೆ ಮಾಡಿ, ಅದು ನಡೆದಿದ್ದರೆ ಬಸ್ರಾದಲ್ಲಿ ಮೈಸೂರಿನ ಅಮಲ್ದಾರ ಕೂತಿರ್ತಿದ್ದ. ಯೂಫ್ರೆಟಿಸ್ ನದಿಯಿಂದ ನಜಾಫ್ ಪಟ್ಟಣಕ್ಕೆ ಕಾಲುವೆ ತೋಡಿಸಿಕೊಡ್ತೀವಿ ಅನ್ನೋ ಮಾತೂ ಇತ್ತು. ಗಡಿಯಾರ, ಗಾಜು, ಪಿಂಗಾಣಿ, ಬಂದೂಕು ಮಾಡೋ ಕುಶಲಕರ್ಮಿಗಳನ್ನ ಕರ್ಕೊಂಡು ಬರಬೇಕು ಅನ್ನೋದು ಇನ್ನೊಂದು ಕೆಲಸ.

ಬಸ್ರಾದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯ್ತು. ಆಮೇಲೆ ಬಾಗ್ದಾದ್ ಮೇಲೆ ನೆಲದ ದಾರಿ ಹಿಡಿದು ಇಸ್ತಾಂಬುಲ್ ಮುಟ್ಟಿದ್ದು 1787ರ ಸೆಪ್ಟೆಂಬರಿನಲ್ಲಿ. ತದಡಿ ಬಿಟ್ಟು ಒಂದೂವರೆ ವರ್ಷ. ಮುಟ್ಟಿದ ಹೊತ್ತು ಸರಿ ಇರಲಿಲ್ಲ. ಹಿಂದಿನ ತಿಂಗಳಷ್ಟೇ ಆಟೊಮನ್ನರು ರಷ್ಯಾ ಮೇಲೆ ಯುದ್ಧ ಸಾರಿದ್ದರು. ಇಂಗ್ಲಿಷರನ್ನ ಎದುರು ಹಾಕಿಕೊಳ್ಳೋದು ಅವರಿಗೆ ಬೇಕಿರಲಿಲ್ಲ. ಮರ್ಯಾದೆಗೆ ಕಡಿಮೆ ಆಗಲಿಲ್ಲ. ಸುಲ್ತಾನ ಭೇಟಿ ಕೊಟ್ಟ, ಟಿಪ್ಪುವಿನ ಪದವಿಗೆ ಮಾನ್ಯತೆ ಸಿಕ್ಕಿತು, ಉಡುಗೊರೆಗಳು ಬಂದವು. ಆದರೆ ಬಸ್ರಾ ಇಲ್ಲ, ಸೈನ್ಯ ಇಲ್ಲ, ಒಪ್ಪಂದ ಇಲ್ಲ.

ಅಷ್ಟರಲ್ಲಿ ಜನ ಸಾಯ್ತಾ ಇದ್ದರು. ಕಾವೇರಿ ಬಯಲಿನ ಬಿಸಿಲಿಗೆ ಒಗ್ಗಿದ ಮೈ, ಇಸ್ತಾಂಬುಲ್‌ನ ಚಳಿ. ಅದರ ಮೇಲೆ ಪ್ಲೇಗ್. ದಾರಿಯಲ್ಲಿ ಹಡಗುಗಳೂ ಹೋಗಿದ್ದವು. ಪ್ಯಾರಿಸ್, ಲಂಡನ್ ಆಸೆ ಬಿಟ್ಟು, ಉಳಿದವರು ಈಜಿಪ್ಟಿನ ಅಲೆಕ್ಸಾಂಡ್ರಿಯಾ, ಕೈರೋ ನೋಡಿ, ಮೆಕ್ಕಾ, ಮದೀನಾ ಯಾತ್ರೆ ಮುಗಿಸಿ, 1789ರ ಕೊನೆಯ ಹೊತ್ತಿಗೆ ಕಲ್ಲಿಕೋಟೆಗೆ ಬಂದಿಳಿದರು. ಆ ಡಿಸೆಂಬರಿನಲ್ಲೇ ತಿರುವಾಂಕೂರಿನ ಗಡಿಯಲ್ಲಿ ಮೂರನೇ ಮೈಸೂರು ಯುದ್ಧದ ಕಿಡಿ ಹತ್ತಿತು.

ಪ್ಯಾರಿಸ್ ಕಥೆ ಏನಾಯ್ತು ಅಂತ ಕೇಳಬಹುದು. ಇವರು ಇನ್ನೂ ದಾರಿಯಲ್ಲಿದ್ದಾಗಲೇ ಟಿಪ್ಪು ಬೇರೆ ಮೂವರನ್ನ ನೇರವಾಗಿ ಫ್ರಾನ್ಸ್‌ಗೆ ಕಳಿಸಿದ. ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಉಸ್ಮಾನ್ ಖಾನ್. 1787ರಲ್ಲಿ ಪುದುಚೇರಿಯಿಂದ ಹೊರಟು, ಆಫ್ರಿಕಾ ಸುತ್ತು ಹಾಕಿ, 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ 16ನೇ ಲೂಯಿಯನ್ನ ಕಂಡರು. ಅಲ್ಲೂ ಅದೇ ಕಥೆ: ಆದರ ಉಂಟು, ಸೈನ್ಯ ಇಲ್ಲ. ಮುಂದಿನ ಜುಲೈನಲ್ಲಿ ಪ್ಯಾರಿಸ್ಸಿನಲ್ಲೇ ಕ್ರಾಂತಿ ಶುರುವಾಯ್ತು. ಫ್ರೆಂಚರ ಸ್ನೇಹದ ಗುರುತು ನಮ್ಮ ಕಡೆ ಈಗಲೂ ಇದೆ. ಪಾಂಡವಪುರಕ್ಕೆ ಬ್ರಿಟಿಷರ ನಕ್ಷೆಗಳಲ್ಲಿ ಇರೋ ಹೆಸರು ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡು ಬಿಟ್ಟಿದ್ದ ಕಲ್ಲುಗುಡ್ಡಗಳು ಅವು.

ಈ ಎರಡೂ ಪ್ರಯಾಣವನ್ನ ಪಕ್ಕಪಕ್ಕ ಇಟ್ಟು ನೋಡಿ. ಪ್ಯಾರಿಸ್ಸಿಗೆ ಹೋದ ದರ್ವೇಶ್ ಖಾನ್‌ನ ಚಿತ್ರವನ್ನ ಅಲ್ಲಿನ ಪ್ರಸಿದ್ಧ ಕಲಾವಿದೆ ವಿಜೆ ಲ ಬ್ರೂನ್ ಬರೆದಳು. 2019ರಲ್ಲಿ ಅದು ನ್ಯೂಯಾರ್ಕ್ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯ್ತು. ಇಸ್ತಾಂಬುಲ್ ದಾರಿಯಲ್ಲಿ ಸತ್ತ ಅಡುಗೆಯವನಿಗೆ ಚಿತ್ರವೂ ಇಲ್ಲ, ಕಲ್ಲೂ ಇಲ್ಲ. ನಾಗಮಂಗಲ, ಕೆ.ಆರ್.ಪೇಟೆ ಕಡೆಯಿಂದ ಶಾಲಾ ಪ್ರವಾಸಕ್ಕೆ ಬರೋ ಮಕ್ಕಳು ದರಿಯಾ ದೌಲತ್‌ನ ಗೋಡೆ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ ನೋಡ್ತಾರೆ. ಕುದುರೆ, ಆನೆ, ಫಿರಂಗಿ, ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನಾಪತಿ. ದರಿಯಾ ದೌಲತ್ ಅಂದರೆ ಸಮುದ್ರದ ಸಂಪತ್ತು. ಆ ಸಂಪತ್ತು ಹುಡುಕಿಕೊಂಡು ಸಮುದ್ರಕ್ಕೆ ಇಳಿದವರು ಮಾತ್ರ ಗೋಡೆ ಮೇಲೆ ಇಲ್ಲ.

ಜಮಾ ಖರ್ಚು ಹಾಕೋಣ. ಜಮಾ ಕಡೆ: ಪದವಿಗೆ ಮಾನ್ಯತೆ, ಉಡುಗೊರೆ, ಸ್ನೇಹದ ಮಾತು. ಖರ್ಚು ಕಡೆ: ನೂರಾರು ಜನ. ಟಿಪ್ಪುವನ್ನ ಹೊಗಳೋರು ನೋಡಿ ಎಂಥಾ ದೂರದೃಷ್ಟಿ ಅಂತಾರೆ. ತೆಗಳೋರು ಖಲೀಫನ ಹತ್ತಿರ ಹೋದ ಅಂತಾರೆ. ಇಬ್ಬರ ಲೆಕ್ಕದಲ್ಲೂ ಆ ಜನ ಬರೋದೇ ಇಲ್ಲ. ನನಗೆ ಇತಿಹಾಸದಲ್ಲಿ ಬೇಜಾರಾಗೋದು ಇಲ್ಲೇ. ರಾಜನ ಬಗ್ಗೆ ಇನ್ನೂರು ವರ್ಷ ಜಗಳ ಆಡ್ತೀವಿ, ಅವನ ಹುಕುಂ ಹೊತ್ತುಕೊಂಡು ಹೋದವರನ್ನ ಒಂದು ಸಲವೂ ಎಣಿಸಲ್ಲ.

ಗುಲಾಂ ಅಲಿ ಖಾನ್ ಬದುಕಿ ಬಂದ. 1792ರಲ್ಲಿ ಟಿಪ್ಪು ಸೋತು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಕೊಡೋಕೆ ಒಪ್ಪಿ, ಇಬ್ಬರು ಗಂಡುಮಕ್ಕಳನ್ನ ಒತ್ತೆ ಇಟ್ಟನಲ್ಲ, ಆ ಹುಡುಗರನ್ನ ಕಾರ್ನ್‌ವಾಲಿಸ್ ಪಾಳೆಯಕ್ಕೆ ಕರ್ಕೊಂಡು ಹೋಗಿ ಒಪ್ಪಿಸಿದ ವಕೀಲ ಇದೇ ಗುಲಾಂ ಅಲಿ ಖಾನ್. ಇಂಗ್ಲಿಷರ ವಿರುದ್ಧ ಸಹಾಯ ಕೇಳೋಕೆ ಇಸ್ತಾಂಬುಲ್ ತನಕ ಹೋಗಿದ್ದವನು.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ, ಊರಿನಲ್ಲಿ ತದಡಿ ದಾರಿಯ ಹಳೇ ಕಥೆ ಏನಾದರೂ ಇದ್ದರೆ ಕಳಿಸಿ, ಮುಂದಿನ ಕಂತಲ್ಲಿ ಮಾತಾಡೋಣ. ನಮಸ್ಕಾರ.