ಒದ್ದೆ ಬಟ್ಟೆಯ ಚೀಲ

ಉರ್ದುವಿನಲ್ಲಿ 'ಪೋತ್ಡೋಂ ಕೇ ರಯೀಸ್' ಎಂಬ ನುಡಿಗಟ್ಟಿದೆ. ತೊಟ್ಟಿಲಲ್ಲೇ ಸಿರಿವಂತ, ಹುಟ್ಟಾ ಶ್ರೀಮಂತ ಎಂದು ಅದರ ಅರ್ಥ. ಪೋತ್ಡಾ ಎಂದರೆ ಕೂಸಿಗೆ ಸುತ್ತುವ ಉಚ್ಚೆ ಬಟ್ಟೆ. ರಯೀಸನ ಮಗುವಿನದು ನಯವಾದ ಮಲ್‌ಮಲ್ ಇರಬಹುದು, ಬಡವನ ಮಗುವಿನದು ಅಜ್ಜಿಯ ಹಳೇ ಸೀರೆಯ ತುಂಡು. ಒದ್ದೆಯಾದ ಮೇಲೆ ಎರಡೂ ಒಂದೇ. ತೊಳೆಯುವ ಕೈ ಯಾರದು ಎಂಬುದಷ್ಟೇ ಬೇರೆ.

ಮನೆಯಲ್ಲಿದ್ದಾಗ ಒದ್ದೆ ಬಟ್ಟೆ ಅಂಥ ಸಮಸ್ಯೆಯೇನಲ್ಲ. ಬಕೆಟ್ ಇದೆ, ಬಚ್ಚಲಿದೆ, ಅಂಗಳದಲ್ಲಿ ಹಗ್ಗವಿದೆ, ದೇವರು ಕೊಟ್ಟ ಬಿಸಿಲಿದೆ. ಕಷ್ಟ ಶುರುವಾಗುವುದು ಹೊಸ್ತಿಲು ದಾಟಿದ ಮೇಲೆ. ನಮ್ಮ ಮೊದಲ ಮಗು ಆರು ತಿಂಗಳಿನದಿದ್ದಾಗ ಊರಿಗೆ ಹೋಗುವ ಬಸ್ಸಿನಲ್ಲಿ ನಾಲ್ಕು ಒದ್ದೆ ಬಟ್ಟೆಗಳನ್ನು ತರಕಾರಿ ತಂದ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಸೀಟಿನ ಕೆಳಗಿಟ್ಟಿದ್ದೆವು. ಕವರಿನ ತಳದಲ್ಲಿ ತೂತಿತ್ತು. ಪಕ್ಕದವರು ಏನೂ ಹೇಳದೆ ಕಾಲು ಮೇಲೆತ್ತಿಕೊಂಡರು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮದುವೆ, ಮಯ್ಯತ್, ಆಸ್ಪತ್ರೆ ಎಂದು ಎಲ್ಲರೂ ಹೊರಟಾಗ ಕೈಗೂಸಿನ ತಾಯಿ 'ನೀವೆಲ್ಲ ಹೋಗಿ ಬನ್ನಿ' ಎಂದು ಹಿಂದುಳಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಹೋದವಳಿಗೂ ನಮಾಜಿನ ಹೊತ್ತಿಗೆ ಬಟ್ಟೆ ಪಾಕ್ ಆಗಿ ಉಳಿದಿಲ್ಲವೆಂಬ ಕೊರಗು. ಆ ಕಾಲದಲ್ಲಿ ಅವಳು ಎಷ್ಟು ದೂರ ಹೋಗಬಹುದು ಎಂಬುದನ್ನು ಗಂಡನಿಗಿಂತ, ಅತ್ತೆಗಿಂತ ಹೆಚ್ಚಾಗಿ ಈ ಒದ್ದೆ ಗಂಟೇ ತೀರ್ಮಾನಿಸುತ್ತದೆ. ಹಾಗಾಗಿ ಇದಕ್ಕೊಂದು ಚರಿತ್ರೆಯಿದೆ ಎಂದರೆ ಓದುಗರು ನಗಬಾರದು.

ನೀರನ್ನು ತಡೆಯುವ ಬಟ್ಟೆಯ ಕತೆ ಮಗುವಿನಿಂದಲ್ಲ, ಮಳೆಯಿಂದ ಆರಂಭವಾಗುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದ ರಸಾಯನ ತಜ್ಞ ಚಾರ್ಲ್ಸ್ ಮ್ಯಾಕಿಂತೋಷ್ ಕಲ್ಲಿದ್ದಲ ಡಾಂಬರಿನಿಂದ ಸಿಗುವ ನ್ಯಾಫ್ತಾದಲ್ಲಿ ರಬ್ಬರನ್ನು ಕರಗಿಸಿ, ಎರಡು ಪದರ ಬಟ್ಟೆಯ ನಡುವೆ ಹಚ್ಚಿ, 1823ರಲ್ಲಿ ಪೇಟೆಂಟ್ ಪಡೆದ. ಅದರ ಮಳೆಯಂಗಿ ಚಳಿಗೆ ಸೆಟೆದುಕೊಳ್ಳುತ್ತಿತ್ತು, ಸೆಕೆಗೆ ಅಂಟಂಟಾಗಿ ನಾರುತ್ತಿತ್ತು. ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಹದಗೊಳಿಸುವ ವಿದ್ಯೆ ಮುಂದಿನ ಎರಡು ದಶಕಗಳಲ್ಲಿ ಬಂತು. ಅಲ್ಲಿಂದ ಅದು ಆಸ್ಪತ್ರೆಯ ಹಾಸಿಗೆಗೂ ಕೂಸಿನ ಹಾಸಿಗೆಗೂ ಇಳಿಯಿತು. ನಮ್ಮ ಬಾಣಂತಿ ಕೋಣೆಗಳ ರಬ್ಬರ್ ಶೀಟ್ ಅದರದೇ ವಂಶ; ನಮ್ಮ ಆಸ್ಪತ್ರೆಗಳ ನರ್ಸುಗಳು ಇಂದಿಗೂ ಅದನ್ನು ಮ್ಯಾಕಿಂತೋಷ್ ಎಂದೇ ಕರೆಯುತ್ತಾರೆ. ಆದರೆ ಆ ಶೀಟ್ ಕಾಪಾಡಿದ್ದು ಹಾಸಿಗೆಯನ್ನು. ರಬ್ಬರಿನ ಚಡ್ಡಿ ತೊಡಿಸಿದರೆ ಗಾಳಿಯಾಡದೆ ಕೂಸಿನ ತೊಡೆಸಂದು ಕೆಂಪಾಗುತ್ತಿತ್ತು.

ಮುಂದಿನ ಹೆಜ್ಜೆ ಇಟ್ಟವಳು ಒಬ್ಬ ತಾಯಿ. ಅಮೆರಿಕದ ಮರಿಯನ್ ಡೊನೊವನ್ ಇಂಗ್ಲಿಷ್ ಸಾಹಿತ್ಯ ಓದಿದವಳು, ಫ್ಯಾಷನ್ ಪತ್ರಿಕೆಯಲ್ಲಿ ಕೆಲಸ ಮಾಡಿದ್ದವಳು. ತಂದೆಯದು ಯಂತ್ರದ ಕಾರ್ಖಾನೆ. ಬಾಲ್ಯ ಅಲ್ಲೇ ಕಳೆದಿತ್ತು. ಒದ್ದೆ ಬಟ್ಟೆ ಮತ್ತು ಹಾಸಿಗೆ ಬದಲಿಸಿ ಸಾಕಾಗಿ ಈಕೆ 1946ರಲ್ಲಿ ತನ್ನ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆಯನ್ನು ಕಿತ್ತು, ಕತ್ತರಿಸಿ, ಹೊಲಿಗೆ ಯಂತ್ರಕ್ಕೆ ಕೊಟ್ಟಳು. ಹಲವು ಪರದೆಗಳು ಹಾಳಾದ ಮೇಲೆ ಬಟ್ಟೆಯ ಮೇಲೆ ತೊಡಿಸುವ ಕವಚ ಸಿದ್ಧವಾಯಿತು. ಪಿನ್ನಿನ ಬದಲು ಒತ್ತುಗುಂಡಿ ಹಚ್ಚಿದಳು, ಮುಂದೆ ಪ್ಯಾರಾಚೂಟಿನ ನೈಲಾನ್ ಬಳಸಿದಳು. ದೋಣಿಯಂತೆ ಕಾಣುತ್ತದೆಂದು 'ಬೋಟರ್' ಎಂಬ ಹೆಸರು. ತಯಾರಕರ ಬಾಗಿಲಿಗೆ ಹೋದರೆ, ಇಂಥದ್ದನ್ನು ಯಾವ ಹೆಂಗಸೂ ಕೇಳಿಲ್ಲವೆಂದು ಹೇಳಿ ಕಳಿಸಿದರೆಂದು ಆಕೆಯೇ ಮುಂದೆ ನೆನೆದಿದ್ದಾಳೆ. ಹೆಂಗಸರನ್ನು ಇವರು ಯಾವಾಗ ಕೇಳಿದ್ದರೋ! ತಾನೇ ತಯಾರಿಸಿ 1949ರಲ್ಲಿ ನ್ಯೂಯಾರ್ಕಿನ ಸ್ಯಾಕ್ಸ್ ಮಳಿಗೆಯಲ್ಲಿ ಮಾರಾಟಕ್ಕಿಟ್ಟಳು. 1951ರಲ್ಲಿ ಪೇಟೆಂಟ್ ಬಂತು; ಹಕ್ಕನ್ನು ಒಂದು ಕಂಪೆನಿ ಹತ್ತು ಲಕ್ಷ ಡಾಲರಿಗೆ ಕೊಂಡಿತು. ಬಳಿಕ ಆಕೆ ಬಳಸಿ ಎಸೆಯುವ ಕಾಗದದ ಡೈಪರಿನ ಯೋಚನೆ ಹಿಡಿದುಕೊಂಡು ಕಾಗದದ ಕಂಪೆನಿಗಳಿಗೆ ಅಲೆದಳು. ಯಾರೂ ಕಿವಿಗೊಡಲಿಲ್ಲ.

ಅದೇ ಯೋಚನೆ ಹತ್ತು ವರ್ಷದೊಳಗೆ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪೆನಿಯ ವಿಕ್ಟರ್ ಮಿಲ್ಸ್ ಎಂಬ ಎಂಜಿನಿಯರಿಗೆ ಬಂದಾಗ ಪ್ರಯೋಗಾಲಯವೇ ಹಿಂದೆ ನಿಂತಿತು. 1961ರ ಡಿಸೆಂಬರಿನಲ್ಲಿ ಪಿಯೋರಿಯಾ ನಗರದಲ್ಲಿ 'ಪ್ಯಾಂಪರ್ಸ್' ಪರೀಕ್ಷೆಗಿಳಿಯಿತು, ಒಂದಕ್ಕೆ ಹತ್ತು ಸೆಂಟ್. ದುಬಾರಿಯಾಯಿತೆಂದು ಕಂಡಾಗ ಬೆಲೆಯನ್ನು ಆರು ಸೆಂಟಿಗೆ ಇಳಿಸಲಾಯಿತು. ಮುಂದಿನದು ಎಲ್ಲರಿಗೂ ಗೊತ್ತು. ನಮಗೆ ಇಲ್ಲಿ ಅನಿಸುವುದಿಷ್ಟೆ: ದಾರಿಯಲ್ಲಿ ತೊಂದರೆ ಕೊಟ್ಟದ್ದು ಬಟ್ಟೆಯಲ್ಲ, ಒದ್ದೆ ಬಟ್ಟೆಯನ್ನಿಡಲು ಜಾಗವಿಲ್ಲದ್ದು. ಜಾಗವನ್ನು ಹುಡುಕುವ ಬದಲು ಲೋಕ ಬಟ್ಟೆಯನ್ನೇ ಬಿಟ್ಟುಬಿಟ್ಟಿತು.

ಎಸೆದದ್ದು ಎಲ್ಲಿಗೂ ಹೋಗಲಿಲ್ಲ. ಬೆಂಗಳೂರಿನ ಕಸದ ಪ್ರಕರಣದಲ್ಲಿ 2015ರ ಡಿಸೆಂಬರಿನಲ್ಲಿ ರಾಜ್ಯ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಗೆ ಆದೇಶಿಸಿದಾಗ ಡೈಪರಿನಂಥ ಕಸಕ್ಕೆ ಕೆಂಪು ಬುಟ್ಟಿ ಬಂತು. ಕೇಂದ್ರದ 2016ರ ಘನತ್ಯಾಜ್ಯ ನಿಯಮಗಳು, ಡೈಪರ್ ತಯಾರಕರು ಎಸೆಯಲೆಂದು ಪೊಟ್ಟಣದ ಜೊತೆಗೇ ಹೊದಿಕೆ ಚೀಲ ಕೊಡಬೇಕೆಂದವು. ಎಸೆಯುವುದಕ್ಕೂ ಕೊನೆಗೆ ಚೀಲವೇ ಬೇಕಾಯಿತು ನೋಡಿ.

ಒದ್ದೆ ಬಟ್ಟೆಗೆ ನಿಜವಾದ ಚೀಲ ಬಂದದ್ದು ತಡವಾಗಿ. ಪಾಲಿಯೆಸ್ಟರ್ ಹೆಣಿಗೆ ಬಟ್ಟೆಗೆ ಪಾಲಿಯುರಿಥೇನಿನ ತೆಳುಪೊರೆ ಅಂಟಿಸಿದ 'ಪಿಯುಎಲ್' ಎಂಬ ಬಟ್ಟೆ ಆಸ್ಪತ್ರೆಗಳ ಸಲುವಾಗಿ ತಯಾರಾದದ್ದು. ಬಿಸಿನೀರಿನಲ್ಲಿ ಮತ್ತೆ ಮತ್ತೆ ಒಗೆದರೂ ನೀರು ತಡೆಯುವ ಗುಣ ಉಳಿಯಬೇಕಿತ್ತು. 2000ದ ಆಚೀಚೆ ಅಮೆರಿಕ, ಬ್ರಿಟನ್ನುಗಳಲ್ಲಿ ಬಟ್ಟೆಯ ಡೈಪರಿಗೆ ಮರಳಿದ ತಾಯಂದಿರು ಮನೆಯ ಹೊಲಿಗೆ ಯಂತ್ರದಲ್ಲೇ ಇದರ ಚೀಲ ಹೊಲಿಯತೊಡಗಿದರು. ಜಿಪ್ ಎಳೆದರೆ ವಾಸನೆ ಒಳಗೇ ಉಳಿಯುತ್ತದೆ. ಕೆಲವದರಲ್ಲಿ ಎರಡು ಖಾನೆ, ಒಣಗಿದ್ದಕ್ಕೊಂದು, ಒದ್ದೆಯದ್ದಕ್ಕೊಂದು. ಮನೆಗೆ ಬಂದು ಬಟ್ಟೆ ಸುರಿದು ಚೀಲವನ್ನೂ ತಿರುವಿ ಜೊತೆಗೇ ಒಗೆದರಾಯಿತು. ಎರಡು ದಿನ ಮುಚ್ಚಿಟ್ಟರೆ ಮಾತ್ರ ಕಣ್ಣು ಉರಿಯುವಂಥ ಅಮೋನಿಯಾ ವಾಸನೆ. ಇಸ್ತ್ರಿಯ ಬಿಸಿ, ಬ್ಲೀಚು ಆ ಪೊರೆಗೆ ಆಗದು. ಈಗ ನಮ್ಮಲ್ಲೂ ಸಿಗುತ್ತದೆ.

ಬ್ರಿಟನ್ನಿನ ಪರಿಸರ ಇಲಾಖೆಯ ಸಂಸ್ಥೆ 2008ರಲ್ಲಿ ಲೆಕ್ಕ ಹಾಕಿತು: ಎರಡೂವರೆ ವರ್ಷಕ್ಕೆ ಎಸೆಯುವ ಡೈಪರಿನಿಂದ ಸುಮಾರು 550 ಕಿಲೋ ಇಂಗಾಲದ ಹೊರೆ, ಬಟ್ಟೆಯದರಿಂದ 570 ಕಿಲೋ. ಬಟ್ಟೆಯ ಪಕ್ಷದವರಿಗೆ ಮುಖಭಂಗವಾಯಿತು. ಆದರೆ ಅದು ಯಂತ್ರದಲ್ಲಿ ಒಣಗಿಸುವ ದೇಶದ ಲೆಕ್ಕ. ಯಂತ್ರ ತುಂಬಾ ಬಟ್ಟೆ ಹಾಕಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಅದನ್ನೇ ಬಳಸಿದರೆ ಹೊರೆ ಶೇಕಡಾ 40ರಷ್ಟು ತಗ್ಗುತ್ತದೆಂದು ಅದೇ ವರದಿ ಹೇಳಿತ್ತು. ಹಗ್ಗ, ಬಿಸಿಲು, ಅಣ್ಣನ ಬಟ್ಟೆ ತಮ್ಮನಿಗೆ: ನಮ್ಮ ಅಜ್ಜಿಯರು ಇದನ್ನೆಲ್ಲ ವರದಿ ಓದಿ ಮಾಡಿದವರಲ್ಲ.

ಮೊನ್ನೆ ಒಂದು ನಿಕಾಹ್‌ಗೆ ನಮ್ಮ ಬಂಧುವಿನ ಮಗಳು ಮೂರು ತಿಂಗಳ ಕೂಸಿನೊಂದಿಗೆ ದೂರದ ಊರಿನಿಂದ ಬಂದಿದ್ದಳು, ಹೆಗಲಲ್ಲಿ ಹೂವಿನ ಚಿತ್ರದ ಇಂಥದೊಂದು ಚೀಲ. ಹರೆಯದಲ್ಲಿ ಊರಿಗೆಲ್ಲ ಬಟ್ಟೆ ಹೊಲಿದ ನಮ್ಮ ಖಾಲಾ ಅದನ್ನು ಕೈಗೆತ್ತಿಕೊಂಡು ಒಳಹೊರಗು ಮಾಡಿ, ಮೂಗಿನ ಹತ್ತಿರ ಹಿಡಿದು, ತಳದ ಹೊಲಿಗೆಯ ಮೇಲೆ ಉಗುರೆಳೆದು ನೋಡಿದರು.

"ಬಟ್ಟೆ ಚೆನ್ನಾಗಿದೆ ಬೇಟಿ. ಸೂಜಿ ಹೋದ ತೂತಿನಿಂದಲೇ ನೀರು ಜಿನುಗೋದು. ತಳದಲ್ಲಿ ಹೊಲಿಗೆ ಹಾಕಬಾರದಿತ್ತು, ಮಡಿಕೆ ಬಿಡಬೇಕಿತ್ತು."