ಬೇರುನಾಳದ ಫೈಲು ಮತ್ತು ಹಲ್ಲಿನ ಬೇರಿನ ಬಿರುಕು: ಒಂದು ಆರೋಪದ ಚರಿತ್ರೆ

ರೂಟ್ ಕೆನಾಲ್ ಮಾಡಿಸಿದ ಹಲ್ಲಿನ ಬೇರು ಉದ್ದಕ್ಕೆ ಸೀಳಿದರೆ ಸಾಮಾನ್ಯವಾಗಿ ಹಲ್ಲನ್ನೇ ಕೀಳಬೇಕಾಗುತ್ತದೆ. ಆ ಸೀಳಿಗೆ ಮೂಲವಾದ ಸೂಕ್ಷ್ಮ ಬಿರುಕನ್ನು ನಾಳ ಕೆರೆಯುವ ಫೈಲೇ ಹುಟ್ಟಿಸುತ್ತದೆಯೇ? ಈ ಪ್ರಶ್ನೆಗೆ ಬಂದ ಉತ್ತರಗಳು ಕಾಲಕಾಲಕ್ಕೆ ಬದಲಾಗಿವೆ. ಪರೀಕ್ಷಾ ವಿಧಾನ ಬದಲಾದದ್ದೇ ಇದಕ್ಕೆ ಮುಖ್ಯ ಕಾರಣ ಎಂಬುದು ಈ ಲೇಖನದ ವಾದ.

ಉಪಕರಣ ಬೆಳೆದ ಬಗೆ

1838ರಲ್ಲಿ ಅಮೆರಿಕದ ಎಡ್ವರ್ಡ್ ಮೇನಾರ್ಡ್ ಗಡಿಯಾರದ ಸ್ಪ್ರಿಂಗಿನಿಂದ ನಾಳದ ಉಪಕರಣ ಮಾಡಿಕೊಂಡದ್ದು ಈ ಚರಿತ್ರೆಯ ಮೊದಲ ಹೆಜ್ಜೆ ಎನ್ನಲಾಗುತ್ತದೆ. 1950ರ ದಶಕದ ಕೊನೆಗೆ ಜಾನ್ ಇಂಗಲ್ ಫೈಲುಗಳಿಗೆ ಏಕರೂಪದ ಅಳತೆ ಸೂಚಿಸಿದರು. ಆ ಅಳತೆಯ ಉಕ್ಕಿನ ಕೈಫೈಲುಗಳ ಇಳಿಜಾರು, ಅಂದರೆ ತುದಿಯಿಂದ ಹಿಂದಕ್ಕೆ ದಪ್ಪವಾಗುವ ಪ್ರಮಾಣ, ಶೇ. 2. ಬಾಗಿದ ನಾಳದಲ್ಲಿ ಗಡಸು ಉಕ್ಕು ತನ್ನದೇ ನೇರದಾರಿ ಕೊರೆಯುತ್ತಿತ್ತು. 1988ರಲ್ಲಿ ವಾಲಿಯಾ ಮತ್ತು ಸಂಗಡಿಗರು ನಿಕಲ್-ಟೈಟಾನಿಯಂ ತಂತಿಯಿಂದ ಬಳುಕುವ ಫೈಲು ತಯಾರಿಸಿದರು. 1990ರ ದಶಕದಲ್ಲಿ ಅದು ಯಂತ್ರಕ್ಕೇರಿತು, ಇಳಿಜಾರು ಶೇ. 4, 6 ಎಂದು ಹೆಚ್ಚಿತು. ಕೆಲಸ ಬೇಗ ಮುಗಿಯತೊಡಗಿತು. ಆದರೆ ಇಳಿಜಾರು ಹೆಚ್ಚಿದಷ್ಟೂ ಸವೆಯುವ ದಂತದ್ರವ್ಯವೂ (ಡೆಂಟಿನ್) ಹೆಚ್ಚು. ಅನುಮಾನ ಹುಟ್ಟಿದ್ದು ಇಲ್ಲಿಯೇ.

ಆರೋಪ ಮತ್ತು ಮರುಪರಿಶೀಲನೆ

2009ರಲ್ಲಿ ಬಿಯರ್, ಶೆಮೇಶ್ ಮತ್ತು ಸಂಗಡಿಗರು ಕಿತ್ತ ಕೆಳದವಡೆಯ ಹಲ್ಲುಗಳ ನಾಳ ಕೆರೆದು, ಬೇರುಗಳನ್ನು ಅಡ್ಡಲಾಗಿ ಕತ್ತರಿಸಿ ನೋಡಿದರು. ಕೈಫೈಲು ಬಳಸಿದ ಗುಂಪಿನಲ್ಲಿ ಬಿರುಕಿರಲಿಲ್ಲ. ಪ್ರೊಟೇಪರ್ ಯಂತ್ರಫೈಲಿನ ಗುಂಪಿನಲ್ಲಿ ಶೇ. 16ರಷ್ಟು ಬೇರುಗಳಲ್ಲಿತ್ತು. ಮುಂದೆ ಹಲವೆಡೆ ಇದೇ ಕ್ರಮದ ಪರೀಕ್ಷೆಗಳು ನಡೆದವು. ಈ ಕ್ರಮದಲ್ಲೊಂದು ಕೊರತೆಯಿತ್ತು. ಒಮ್ಮೆ ಕತ್ತರಿಸಿದ ಬೇರು ಚಿಕಿತ್ಸೆಗೆ ಮುನ್ನ ಹೇಗಿತ್ತೆಂದು ತಿಳಿಯಲು ದಾರಿಯಿಲ್ಲ. ಕೀಳುವಾಗಿನ ಒತ್ತಡ, ಒಣಗುವಿಕೆ, ಗರಗಸದ ಅದುರಾಟಗಳಿಂದಲೂ ಬಿರುಕು ಬರಬಹುದು.

2014ರಲ್ಲಿ ಡಿ-ಡ್ಯೂಸ್ ಮತ್ತು ಸಂಗಡಿಗರು ಹಲ್ಲನ್ನು ಕತ್ತರಿಸದೆ, ನಾಳ ಕೆರೆಯುವ ಮುನ್ನವೂ ಅನಂತರವೂ ಮೈಕ್ರೋ-ಸಿಟಿ ಎಂಬ ಸೂಕ್ಷ್ಮ ಎಕ್ಸ್-ರೇ ಸ್ಕ್ಯಾನಿನಲ್ಲಿ ಚಿತ್ರಿಸಿ ಹೋಲಿಸಿದರು. ಕೊನೆಗೆ ಕಂಡ ಬಿರುಕುಗಳೆಲ್ಲ ಮೊದಲ ಚಿತ್ರದಲ್ಲೇ ಇದ್ದವು. ಅದೇ ವರ್ಷ ಆರಿಯಾಸ್ ಮತ್ತು ಸಂಗಡಿಗರು ಶವದ ದವಡೆಯಲ್ಲೇ ಇದ್ದ ಹಲ್ಲುಗಳ ಮೇಲೆ ನಡೆಸಿದ ಪ್ರಾಥಮಿಕ ಅಧ್ಯಯನದಲ್ಲೂ ಕೆರೆತಕ್ಕೂ ಬಿರುಕಿಗೂ ನಂಟು ಕಾಣಲಿಲ್ಲ.

ನಮ್ಮ ಸೀಮೆಯ ಹಲ್ಲು

ಬಿರುಕು ಮೊದಲೇ ಇರಬಹುದಾದರೆ, ಕೀಳುವ ಮೊದಲು ಹಲ್ಲು ಬಾಳಿದ ಬದುಕೂ ಲೆಕ್ಕಕ್ಕೆ ಬರಬೇಕು. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡಿನ ಸಮಸ್ಯೆಯಿದೆ, ಅದು ಹಲ್ಲಿನ ರಚನೆಯನ್ನು ಕೆಡಿಸಬಲ್ಲದು. ಬೇಲೂರು, ಹಳೇಬೀಡು ಕಡೆಯ ಹಿರಿಯರಲ್ಲಿ ಎಲೆಯಡಿಕೆ ಅಗಿಯುವವರಿದ್ದಾರೆ. ಬಹುಕಾಲ ಗಟ್ಟಿ ಅಡಿಕೆ ಅಗಿದರೆ ಹಲ್ಲು ಸವೆಯುತ್ತದೆ, ಚಿಕಿತ್ಸೆ ಮುಟ್ಟದ ಬೇರೂ ಸೀಳಬಹುದೆಂಬ ವರದಿಗಳಿವೆ. ವಯಸ್ಸಾದಂತೆ ದಂತದ್ರವ್ಯ ಪೆಡಸಾಗುತ್ತದೆ. ಕಿತ್ತ ಹಲ್ಲಿನ ಜೊತೆ ರೋಗಿಯ ವಯಸ್ಸು, ಕುಡಿಯುವ ನೀರು, ಅಗಿಯುವ ಅಭ್ಯಾಸಗಳನ್ನು ಬರೆದಿಡದಿದ್ದರೆ, ಮೊದಲೇ ಇದ್ದ ಬಿರುಕು ಫೈಲಿನ ತಲೆಗೆ ಬರುತ್ತದೆ.

ಇಷ್ಟರಿಂದ ಫೈಲು ಪೂರ್ತಿ ನಿರ್ದೋಷಿಯಾಗುವುದಿಲ್ಲ. ನಾಳವನ್ನು ಅಗತ್ಯ ಮೀರಿ ಅಗಲಿಸಿದರೆ ಗೋಡೆ ತೆಳುವಾಗಿ ಬೇರಿನ ಬಲ ಕುಂದುತ್ತದೆ. ಆದರೆ ಯಂತ್ರಫೈಲು ಬೇರನ್ನು ಬಿರಿಸುತ್ತದೆ ಎಂಬ ತೀರ್ಮಾನವನ್ನು ಕತ್ತರಿಸಿ ನೋಡಿದ ಪರೀಕ್ಷೆಗಳ ಬಲದಿಂದಷ್ಟೇ ಒಪ್ಪಲಾಗದು. ಹಾಸನದ ಶ್ರೀ ಹಾಸನಾಂಬ ದಂತ ಕಾಲೇಜಿನಂಥ ಹತ್ತಿರದ ಸಂಸ್ಥೆಗಳು ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಹಲ್ಲುಗಳನ್ನು ಇಂಥ ದಾಖಲೆಯೊಂದಿಗೆ ಸಂಗ್ರಹಿಸಿ, ಕೆರೆಯುವ ಮುನ್ನವೇ ಚಿತ್ರಿಸಿ ಅಧ್ಯಯನ ಮಾಡಬೇಕು.