ಸಾಂಕ್ರಾಮಿಕ ರೋಗದ ಕಾಲದಲ್ಲಿ ಮಾನಸಿಕ ಆರೋಗ್ಯ ಸೇವೆ: ನಂಜನಗೂಡು ಮತ್ತು ತಿ.ನರಸೀಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಹಿನ್ನೆಲೆ

2020ರ ಮಾರ್ಚ್ ಕೊನೆಯ ವಾರದಲ್ಲಿ ನಂಜನಗೂಡಿನ ಔಷಧ ತಯಾರಿಕಾ ಘಟಕವೊಂದರ ನೌಕರರಲ್ಲಿ ಕೋವಿಡ್-19 ಸೋಂಕು ದೃಢಪಟ್ಟಿತು. ನೂರಾರು ನೌಕರರು ಹಾಗೂ ಅವರ ಸಂಪರ್ಕದಲ್ಲಿದ್ದವರು ಕ್ವಾರಂಟೈನ್‌ನಲ್ಲಿ ಇರಬೇಕಾಯಿತು. ಅದೇ ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಯಾಗಿ ಬಸ್ ಸಂಚಾರವೂ ಸ್ಥಗಿತಗೊಂಡಿತು. ಮಾನಸಿಕ ಕಾಯಿಲೆಗೆ ನಿತ್ಯ ಔಷಧಿ ಸೇವಿಸುವವರು ಮೈಸೂರಿನ ಆಸ್ಪತ್ರೆಗಳಿಗೆ ತೆರಳುವುದು ಕಷ್ಟವಾಯಿತು. ಔಷಧಿ ನಿಂತಲ್ಲಿ ಕಾಯಿಲೆ ಮರುಕಳಿಸುವ ಸಂಭವವಿರುವುದರಿಂದ ಸೇವಾ ಕ್ರಮದಲ್ಲಿ ಈ ಕೆಳಕಂಡ ಬದಲಾವಣೆಗಳಾದವು.

ಸೇವಾ ಕ್ರಮದಲ್ಲಿನ ಬದಲಾವಣೆಗಳು

1. ದೂರವಾಣಿ ಮೂಲಕ ಚಿಕಿತ್ಸೆ: ಕೇಂದ್ರ ಸರ್ಕಾರವು 25.03.2020ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅದರನ್ವಯ, ಹಿಂದಿನ 6 ತಿಂಗಳೊಳಗೆ ಅದೇ ಕಾಯಿಲೆಗೆ ಖುದ್ದಾಗಿ ತೋರಿಸಿಕೊಂಡಿರುವವರಿಗೆ ಅದೇ ವೈದ್ಯರು ದೂರವಾಣಿ ಅಥವಾ ವೀಡಿಯೋ ಮೂಲಕ ಚಿಕಿತ್ಸೆ ಮುಂದುವರಿಸಬಹುದು. ನಿಷೇಧಿತ ಪಟ್ಟಿಯಲ್ಲಿರುವ ಔಷಧಿಗಳನ್ನು ಈ ರೀತಿ ಬರೆದುಕೊಡುವಂತಿಲ್ಲ.

2. ಆಪ್ತಸಮಾಲೋಚನೆ: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಹಾಗೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಗಳು ಸೋಂಕಿತರಿಗೂ ಕ್ವಾರಂಟೈನ್‌ನಲ್ಲಿದ್ದವರಿಗೂ ದೂರವಾಣಿ ಮೂಲಕ ಧೈರ್ಯ ತುಂಬುವ ಕಾರ್ಯ ಕೈಗೊಂಡವು.

3. ಗೌಪ್ಯತೆ: ಒಂದೇ ಕೋಣೆಯ ಮನೆಯಲ್ಲಿ ಮನಬಿಚ್ಚಿ ಮಾತನಾಡುವುದು ಸುಲಭವಲ್ಲ. ಆದ್ದರಿಂದ ಸಮೀಪದಲ್ಲಿ ಯಾರಾದರೂ ಇರುವರೇ ಎಂದು ಮೊದಲು ಕೇಳುವುದು, ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳನ್ನು ಕೇಳುವುದು, ಅನುಕೂಲವಾದ ವೇಳೆಯಲ್ಲಿ ಮತ್ತೆ ಕರೆ ಮಾಡುವುದು ಸೂಕ್ತ ಕ್ರಮವಾಗಿರುತ್ತದೆ.

4. ಖುದ್ದು ಭೇಟಿ: ಲಿಥಿಯಂ, ಕ್ಲೋಜಪೈನ್ ಸೇವಿಸುವವರಿಗೆ ರಕ್ತಪರೀಕ್ಷೆ ಅಗತ್ಯ. ಇದಕ್ಕಾಗಿ ಹಾಗೂ ಚುಚ್ಚುಮದ್ದಿಗಾಗಿ ಆಸ್ಪತ್ರೆಗೆ ಬರಲೇಬೇಕಾಗುತ್ತದೆ.

5. ಮದ್ಯವ್ಯಸನ: ಮದ್ಯ ಹಠಾತ್ತನೆ ನಿಂತಾಗ ಕೈನಡುಕ, ಫಿಟ್ಸ್, ಭ್ರಮೆ ಉಂಟಾಗಬಹುದು. ಫಿಟ್ಸ್ ಅಥವಾ ಭ್ರಮೆ ಕಂಡುಬಂದಲ್ಲಿ ದೂರವಾಣಿ ಸಲಹೆಯಷ್ಟೇ ಸಾಲದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಅ) ಹಿಂದಿನ ಔಷಧ ಚೀಟಿ ಹಾಗೂ ಪರೀಕ್ಷಾ ವರದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ದೂರವಾಣಿ ಮೂಲಕ ಚಿಕಿತ್ಸೆ ಮುಂದುವರಿಸಲು ಇವೇ ಆಧಾರ.

ಆ) ಔಷಧಿ ಮುಗಿಯುವ ಒಂದು ವಾರ ಮೊದಲೇ ವೈದ್ಯರನ್ನು ಸಂಪರ್ಕಿಸುವುದು. ವೈದ್ಯರ ಸಲಹೆಯಿಲ್ಲದೆ ಔಷಧಿ ನಿಲ್ಲಿಸಬಾರದು.

ಇ) ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕಾರ ಚಿಕಿತ್ಸೆಯ ಗೌಪ್ಯತೆ ಹಾಗೂ ವೈದ್ಯಕೀಯ ದಾಖಲೆ ಪಡೆಯುವುದು ರೋಗಿಯ ಹಕ್ಕು.

ಈ) 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ತುರ್ತು ಸಂದರ್ಭದಲ್ಲಿ 108 ಆಂಬುಲೆನ್ಸ್ ಸೇವೆ ಪಡೆಯಬಹುದು.